ಅಪ್ಪ, ನಾನು ಮತ್ತು ಹದಿನೈದೇ ಪದಗಳು

ಬ್ರಿಡ್ಜ್ ಆಟದಲ್ಲಿ ಎದುರುಬದುರು ಕೂತವರು ಜೋಡಿ. ತಲಾ 13 ಎಲೆ. ಎಲೆ ಇಳಿಸೋ ಮೊದಲು ಬಿಡ್ಡಿಂಗ್: ಎಷ್ಟು ಟ್ರಿಕ್ ಗೆಲ್ತೀವಿ, ತುರುಪು ಯಾವುದು ಅಂತ ಹೇಳಬೇಕು. ಅದಕ್ಕೆ ಬಳಸಬಹುದಾದ ಪದ 15 ಮಾತ್ರ. ಒಂದರಿಂದ ಏಳರವರೆಗಿನ ಅಂಕಿ. ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್, ನೋ ಟ್ರಂಪ್. ಜೊತೆಗೆ ಪಾಸ್, ಡಬಲ್, ರೀಡಬಲ್. ಇಷ್ಟರಲ್ಲೇ ಕೈಯಲ್ಲಿರೋ ಎಲೆಗಳ ಕಥೆ ಜೋಡಿಗೆ ತಿಳಿಸಬೇಕು. ಯಾವ ಮಾತಿಗೆ ಏನರ್ಥ ಅನ್ನೋ ಒಪ್ಪಂದವೇ ‘ಸಿಸ್ಟಮ್’. ನಮ್ಮ ಐಟಿ ಮಂದಿಯ ಭಾಷೆಯಲ್ಲಿ ಪ್ರೋಟೋಕಾಲ್.

ನನ್ನ ಜೋಡಿ ಅಪ್ಪ. ಬ್ಯಾಂಕಿನಿಂದ ನಿವೃತ್ತರಾಗಿ ಶಿವಮೊಗ್ಗದಲ್ಲಿದ್ದಾರೆ. ಇಪ್ಪತ್ತು ವರ್ಷ ಅವರ ಜೊತೆ ಬ್ರಿಡ್ಜ್ ಆಡಿದ ಸ್ನೇಹಿತರು ಹೋದ ವರ್ಷ ತೀರಿಕೊಂಡ ಮೇಲೆ ಅವರು ಎಲೆ ಮುಟ್ಟಿರಲಿಲ್ಲ. “ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣೇ” ಅಂತಿದ್ರು ಅಮ್ಮ. ಬೆಂಗಳೂರಿಂದ ನಾನು ಫೋನ್ ಮಾಡಿದ್ರೆ “ಊಟ ಆಯ್ತಾ?”, “ಮಳೆ ಬಂತಾ?”, “ಹೂಂ.” ಅಲ್ಲಿಗೆ ಮುಗೀತು. ಒಂದಿನ “ನಂಗೂ ಬ್ರಿಡ್ಜ್ ಕಲಿಸಪ್ಪ” ಅಂದೆ. ವಾರಕ್ಕೆರಡು ರಾತ್ರಿ ಆನ್‌ಲೈನ್ ಆಡೋದು ಅಂತಾಯ್ತು.

ಮೊದಲ ತಕರಾರೇ ಸಿಸ್ಟಮ್‌ದು. ಅಪ್ಪನದು ಏಕೋಲ್. 1930ರ ದಶಕದಲ್ಲಿ ಹುಟ್ಟಿ, ಲಂಡನ್‌ನ ಒಂದು ರಸ್ತೆಯ ಹೆಸರು ಪಡೆದ ಸಿಸ್ಟಮ್ ಅದು. ನಾಲ್ಕೇ ಸ್ಪೇಡ್ ಇದ್ರೂ ‘ಒಂದು ಸ್ಪೇಡ್’ ಅನ್ನಬಹುದು. ನಾನು ಓದಿಕೊಂಡಿದ್ದು ಸ್ಟ್ಯಾಂಡರ್ಡ್ ಅಮೆರಿಕನ್. ಅದರಲ್ಲಿ ಹಾರ್ಟ್ ಅಥವಾ ಸ್ಪೇಡ್‌ನಿಂದ ಶುರು ಮಾಡೋಕೆ ಕನಿಷ್ಠ ಐದು ಎಲೆ ಬೇಕು. ಆಫೀಸಿನ ಗೆಳೆಯನೊಬ್ಬ ಪ್ರಿಸಿಷನ್ ಕಲಿ ಅಂದ. ಸಿ.ಸಿ. ವೇ ರೂಪಿಸಿದ ಈ ಸಿಸ್ಟಮ್‌ನಿಂದಲೇ ತೈವಾನ್ ತಂಡ 1969ರ ಬರ್ಮುಡಾ ಬೌಲ್ ಫೈನಲ್ ತಲುಪಿತ್ತು. ಅದರಲ್ಲಿ ‘ಒಂದು ಕ್ಲಬ್’ ಅಂದ್ರೆ ಕ್ಲಬ್ ಇದೆ ಅಂತಲ್ಲ, ಕೈಯಲ್ಲಿ 16 ಪಾಯಿಂಟ್ ಅಥವಾ ಹೆಚ್ಚಿದೆ ಅಂತ. (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1.)

“ಕ್ಲಬ್ ಅಂದು ಕ್ಲಬ್ ಇಲ್ಲ ಅಂದ್ರೆ ಅದೇನು ಆಟಾನೇ?” ಅಂದ್ರು ಅಪ್ಪ. ಪ್ರಿಸಿಷನ್ ಅಲ್ಲೇ ಬಿತ್ತು.

ಉಳಿದ ಎರಡರ ಮಧ್ಯೆ ತೀರ್ಪು ಕೊಟ್ಟಿದ್ದು ಲೆಕ್ಕ. ತುರುಪಿನ 13 ಎಲೆಗಳಲ್ಲಿ ಎಂಟು ನಮ್ಮ ಜೋಡಿಯ ಬಳಿ ಇದ್ರೆ ಸಾಮಾನ್ಯವಾಗಿ ಚೆನ್ನಾಗಿ ಆಡಬಹುದು. ಅಪ್ಪ ಐದು ಎಲೆಯ ಭರವಸೆ ಕೊಟ್ಟರೆ ನನ್ನ ಹತ್ರ ಮೂರಿದ್ರೆ ಸಾಕು, ಎಂಟಾಯ್ತು. ನಾಲ್ಕರ ಭರವಸೆಯಾದ್ರೆ ನನ್ನ ಹತ್ರಾನೂ ನಾಲ್ಕು ಬೇಕು. ಹೊಸಬಳಿಗೆ ಮೊದಲನೆಯದೇ ಸಲೀಸು. ಅಪ್ಪ ಒಂದು ರಾತ್ರಿ ಯೋಚನೆ ಮಾಡಿ, “ಸರಿ, ನಾನೇ ಬದಲಾಗ್ತೀನಿ” ಅಂದ್ರು. ಅವರ ಬಾಯಲ್ಲಿ ಆ ವಾಕ್ಯ ನಾನು ಕೇಳಿದ್ದು ಅದೇ ಮೊದಲು.

ಒಪ್ಪಂದವನ್ನೆಲ್ಲ ಒಂದೇ ಎ4 ಹಾಳೆಯಲ್ಲಿ ಬರೆದ್ವಿ. ‘ಒಂದು ನೋ ಟ್ರಂಪ್’ ಅಂದ್ರೆ 15ರಿಂದ 17 ಪಾಯಿಂಟ್. ಅದಕ್ಕೆ ‘ಎರಡು ಕ್ಲಬ್’ ಅನ್ನೋ ಉತ್ತರ ಬಂದ್ರೆ, ನಾಲ್ಕು ಹಾರ್ಟ್ ಅಥವಾ ಸ್ಪೇಡ್ ಇದ್ಯಾ ಅನ್ನೋ ಪ್ರಶ್ನೆ, ಇದು ಸ್ಟೇಮನ್. (ಇಲ್ಲಿ ಕ್ಲಬ್ ಅಂದ್ರೆ ಕ್ಲಬ್ ಅಲ್ಲ ಅನ್ನೋದಕ್ಕೆ ಅಪ್ಪನ ತಕರಾರಿಲ್ಲ. ಹಳೇ ಅಭ್ಯಾಸ!) ಎಕ್ಕ ಎಷ್ಟಿದೆ ಅಂತ ಕೇಳೋಕೆ ಬ್ಲ್ಯಾಕ್‌ವುಡ್. ಹಾಳೆಯಲ್ಲಿಲ್ಲದ್ದನ್ನ ಆಡೋ ಹಾಗಿಲ್ಲ.

ಬ್ರಿಡ್ಜ್‌ನಲ್ಲಿ ನಂಗೆ ತುಂಬಾ ಹಿಡಿಸಿದ ನಿಯಮ ಒಂದಿದೆ: ಜೋಡಿಯ ಮಧ್ಯೆ ಗುಟ್ಟಿನ ಒಪ್ಪಂದ ಇರಬಾರದು. ಎದುರಾಳಿ ಕೇಳಿದ್ರೆ ಅರ್ಥ ಹೇಳಲೇಬೇಕು. ಹುಬ್ಬು ಹಾರಿಸಿ, ದನಿ ಏರಿಸಿ ಸೂಚನೆ ಕೊಡೋ ಹಾಗಿಲ್ಲ. ನಮ್ಮನೆಯಲ್ಲಿ ಉಲ್ಟಾ. ಅಪ್ಪನ ಒಂದು ‘ಹೂಂ’ಗೆ ಹತ್ತು ಅರ್ಥ, ಯಾವುದು ಅಂತ ಅಮ್ಮ ಅನುವಾದ ಮಾಡಬೇಕು. ಈಗ ಅದೇ ಅಪ್ಪ ಆಟ ಮುಗಿದ ಮೇಲೆ ಫೋನ್ ಮಾಡಿ, “ಪುಟ್ಟಿ, ಆ ಮೂರು ಸ್ಪೇಡ್ ಯಾಕಂದೆ?” ಅಂತ ಶುರು ಮಾಡ್ತಾರೆ. ಎಲೆಗಳ ಮಾತು ಐದು ನಿಮಿಷ. ಆಮೇಲೆ ಬೇರೆ ಮಾತು. ರಾತ್ರಿ ಸ್ಕೂಟರ್ ಓಡಿಸೋಕೆ ಕಣ್ಣು ಮಂಜಾಗುತ್ತೆ ಅಂತ ಹೇಳಿದ್ದು ಹಾಗೇ. ತೀರಿಕೊಂಡ ಸ್ನೇಹಿತರ ನೆನಪಾಗಿ ಗಂಟಲು ಕಟ್ಟಿದ್ದೂ ಹಾಗೇ.

ನೀವೂ ಕಲಿಯೋದಾದ್ರೆ ‘ಅತ್ಯುತ್ತಮ ಸಿಸ್ಟಮ್’ ಹುಡುಕ್ತಾ ಕೂರಬೇಡಿ. ನಿಮ್ಮ ಜೋಡಿಗೂ ನಿಮಗೂ ಒಂದೇ ರೀತಿ ನೆನಪಿರೋದನ್ನ ಆರಿಸ್ಕೊಳ್ಳಿ. ಒಂದು ಹಾಳೆ ಸಾಕು. ಅದು ಬಾಯಿಪಾಠವಾದ ಮೇಲೆ ಇನ್ನೊಂದು ಸಾಲು ಸೇರಿಸಿ. ನಮ್ಮ ಹಾಳೆಗೆ ಮುಂದಿನ ತಿಂಗಳು ‘ಟ್ರಾನ್ಸ್‌ಫರ್’ ಸೇರುತ್ತೆ. ಅದರಲ್ಲಿ ಡೈಮಂಡ್ ಅಂದ್ರೆ ಹಾರ್ಟ್! ಸೇರಿಸೋಣ ಅಂದಿದ್ದು ಅಪ್ಪನೇ.