ಹೊಂಗೆ ಎಣ್ಣೆ ಮತ್ತು ಹೊಲದ ಇಂಜಿನ್ನು

ಪ್ರಿಯ ಮಿತ್ರರೇ,

ಬದುವಿನ ಹೊಂಗೆಮರಗಳ ಕಾಯಿ ಸುಮ್ಮನೆ ಉದುರಿ ಹೋಗುತ್ತಿದೆ, ಅದರ ಎಣ್ಣೆಯಿಂದ ಪಂಪ್‌ಸೆಟ್ ಓಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಓಡಿಸಬಹುದು. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ತೋರಿಸಿದರು.

ಗಾಣದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೂ ಇಂಜಿನ್ ಓಡುತ್ತದೆ. ಆದರೆ ಆ ಎಣ್ಣೆ ಬಲು ಮಂದ. ನಾಜಲ್ಲಿನಿಂದ ಸಣ್ಣ ತುಂತುರಾಗಿ ಸಿಡಿಯದೆ, ಬರಬರುತ್ತಾ ಮಸಿ ಕಟ್ಟುತ್ತದೆ. ಅದಕ್ಕೇ ಬಯೋಡೀಸೆಲ್ ಮಾಡುವುದು. ಒಂದು ಲೀಟರ್ ಎಣ್ಣೆಗೆ ಸುಮಾರು 200 ಮಿ.ಲೀ. ಮೆಥನಾಲ್, ಚೂರು ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಶಾಖದಲ್ಲಿ ಕಲಕಿ, ರಾತ್ರಿಯಿಡೀ ಬಿಟ್ಟರೆ ಕಡುಕಂದು ಗ್ಲಿಸರಿನ್ ತಳಕ್ಕಿಳಿದು, ತಿಳಿ ಹೊಂಬಣ್ಣದ ಇಂಧನ ಮೇಲೆ ನಿಲ್ಲುತ್ತದೆ. ಅದನ್ನು ನೀರಿನಲ್ಲಿ ತೊಳೆದು, ತೇವ ಪೂರ್ತಿ ಹೋಗುವಂತೆ ಕಾಯಿಸಬೇಕು.

ಎಲ್ಲ ನಿಂತಿರುವುದು ಬೀಜದ ಮೇಲೆ. ಮಳೆಗೆ ನೆನೆದ, ಮುಗ್ಗಿದ ಬೀಜದ ಎಣ್ಣೆಯಲ್ಲಿ ಆಮ್ಲ ಹೆಚ್ಚು. ಸೋಡಾ ಬಿದ್ದೊಡನೆ ಸಾಬೂನಾಗಿ ಬಿಡುತ್ತದೆ. ಹಾಗಾಗಿ ಮೊದಲ ಮಳೆಗೆ ಮುಂಚೆ ಕಾಯಿ ಆರಿಸಿ, ಚೆನ್ನಾಗಿ ಒಣಗಿಸಿಡಿ. ನಾಲ್ಕು ಕೆ.ಜಿ. ಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ ಸಿಗುತ್ತದೆ. ಹಿಂಡಿ ಗೊಬ್ಬರವಾಗಿ ತೋಟಕ್ಕೆ, ಕಾಯಿಸಿಪ್ಪೆ ಬಚ್ಚಲ ಹಂಡೆಯ ಒಲೆಗೆ. ಸ್ನಾನದ ನೀರು ಕಾಯಿಸುವ ಸೌದೆ ಅಷ್ಟು ಉಳಿಯುತ್ತದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ನಡೆಸಿಕೊಡಿ. ಮೆಥನಾಲನ್ನು ಅಡುಗೆಮನೆಗೆ ತರಬೇಡಿ. ಅದು ವಿಷ, ಕಣ್ಣನ್ನೇ ಕಳೆಯಬಲ್ಲದು. ಹೊತ್ತಿಕೊಂಡರೆ ಹಗಲಲ್ಲಿ ಉರಿಯೇ ಕಾಣಿಸದು. ಬೀಜ ಆರಿಸಿ ಒಣಗಿಸುವುದು ಮನೆಮನೆಯ ಕೆಲಸವಾಗಲಿ; ಎಣ್ಣೆಯನ್ನು ಇಂಧನ ಮಾಡುವುದು ಊರಿಗೊಂದು ಗಾಳಿಯಾಡುವ ಶೆಡ್ಡಿನಲ್ಲಿ, ಕಲಿತವರ ಕೈಯಲ್ಲಿ ನಡೆಯಲಿ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಟ್ಟಿದ ಜೈವಿಕ ಇಂಧನ ಉದ್ಯಾನವಿದೆ. ನಾಲ್ಕು ಜನ ರೈತರು ಸೇರಿ ಹೋಗಿ ನೋಡಿಬನ್ನಿ.

ಶುರುವಿಗೆ ಡೀಸೆಲ್ಲಿಗೆ ಬಯೋಡೀಸೆಲ್ಲನ್ನು ನೂರಕ್ಕೆ ಇಪ್ಪತ್ತರಷ್ಟೇ ಬೆರೆಸಿ. ಫಿಲ್ಟರ್ ಆಗಾಗ ನೋಡಿ. ಹಳೆಯ ರಬ್ಬರ್ ಪೈಪು ಮೆತ್ತಗಾದರೆ ಬದಲಿಸಿ. ಊರಿನ ಕಾಯಿಯಿಂದ ಊರಿನ ಇಂಜಿನ್ ಓಡಿದರೆ ಡೀಸೆಲ್ಲಿಗೆ ಹೋಗುವ ದುಡ್ಡು ಬೀಜ ಆರಿಸಿದ ಕೈಗಳಿಗೇ ಸೇರುತ್ತದೆ. ನನ್ನ ಆಸೆ ಅದೇ. ಈ ಸಲ ಎಷ್ಟು ಮನೆಯವರು ಬೀಜ ಕೊಡಲು ಒಪ್ಪಿದರು, ಬರೆಯಿರಿ.

ಇಂತಿ,
ನಿಮ್ಮ ಗೆಳೆಯ