‘ಕೇಚಿತ್’ ಎಂಬವರು ಯಾರು?

ಪಾಠಶಾಲೆಯಲ್ಲಿ ವ್ಯಾಖ್ಯಾನಗ್ರಂಥಗಳನ್ನೋದಿದವರಿಗೆ ‘ಕೇಚಿತ್’ ಎಂಬ ಮಾತು ಚಿರಪರಿಚಿತವಾದುದು. ಕೆಲವರು ಹೀಗೆನ್ನುವರೆಂದು ಪರಮತವನ್ನು ಎತ್ತಿಕೊಂಡು ವಿಚಾರಿಸುವುದು ಶಾಸ್ತ್ರಕಾರರ ರೂಢಿ. ಆ ಕೆಲವರು ಯಾರೆಂಬುದನ್ನು ಗುರುಮುಖದಿಂದಲೇ ತಿಳಿಯಬೇಕು. ಪರಂಪರೆ ಕಡಿದರೆ ಅವರ ಹೆಸರೂ ಅಳಿಯಿತು.

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ನಮ್ಮ ಅಂಬಾಜಿದುರ್ಗದ ಸೀಮೆಯ ಒಂದು ಕೆರೆಯ ನೀರಿನ ಹಂಚಿಕೆಯನ್ನು ಕುರಿತು ಪ್ರಬಂಧವೊಂದನ್ನು ಬರೆಯಬೇಕೆಂಬ ಆಸೆ ನನಗೆ ಹುಟ್ಟಿತು. ಅದರ ರೀತಿಯನ್ನರಿಯಲು, ಕೇಂದ್ರಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಅಂತರ್ಜಾಲ ವಿದ್ಯಾವ್ಯವಸ್ಥೆಯಲ್ಲಿ ಶೈಕ್ಷಣಿಕ ಬರವಣಿಗೆಯ ಪಾಠಕ್ಕೆ ಸೇರಿದೆನು. ದೃಶ್ಯಪಾಠ, ಓದುವ ಬರಹ, ಸ್ವಪರೀಕ್ಷೆ, ಚರ್ಚೆ ಎಂದು ಅದಕ್ಕೆ ನಾಲ್ಕು ಅಂಗಗಳು. ಕಲಿಯುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರವನ್ನು ಬಯಸುವವರು ಮಾತ್ರ ಹಣ ಕಟ್ಟಿ ಪರೀಕ್ಷೆಗೆ ಕೂಡಬೇಕು. ಮೊಮ್ಮಕ್ಕಳ ಪ್ರಾಯದವರಿಗೆ ಸಹಪಾಠಿಯಾಗಲು ನನಗೆ ಸಂಕೋಚವಾಗಲಿಲ್ಲ.

ಪಾಠದ ಬಹುಭಾಗವು ಹೊಸದೆನಿಸಲಿಲ್ಲ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳೆಂಬ ಅಧಿಕರಣಕ್ರಮವನ್ನು ಬಲ್ಲವನಿಗೆ ಸಂಶೋಧನೆಯ ಪ್ರಶ್ನೆ, ಹಿಂದಿನವರ ಬರಹಗಳ ಪರಾಮರ್ಶೆ, ನಿರ್ಣಯ ಎಂಬುವು ಹಳೆಯ ನೆಂಟರಂತೆಯೇ ಕಂಡವು. ಹೊಸದಾದುದು ಒಂದೇ: ಋಣವನ್ನು ಹೆಸರು ಹಿಡಿದು ಹೇಳಬೇಕೆಂಬ ನಿಷ್ಠುರವಾದ ಕಟ್ಟಳೆ. ಮೂಲವಿಲ್ಲದುದನ್ನು ಬರೆಯುವುದಿಲ್ಲವೆಂದು ಮಲ್ಲಿನಾಥಸೂರಿಯು ಹಿಂದೆಯೇ ಪ್ರತಿಜ್ಞೆಮಾಡಿದ್ದನು. ಇಲ್ಲಿ ಆ ಮೂಲದ ಕರ್ತೃ, ವರ್ಷ, ಪುಟಗಳನ್ನೂ ಕೊಡಬೇಕು. ಮೂಲವನ್ನು ಹೇಳಿ ಉದ್ಧರಿಸಿದುದನ್ನು ಬಿಟ್ಟು, ಪರರ ಬರಹದೊಡನೆ ಪ್ರಬಂಧಕ್ಕಿರುವ ಸಾಮ್ಯವು ನೂರಕ್ಕೆ 10ನ್ನು ಮೀರಿದರೆ ದಂಡನೆಯುಂಟೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಮಾಡಿದೆ.

ಆದರೆ ನನ್ನ ಕೆರೆಗೆ ಮೂಲವೆಲ್ಲಿ? ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಚಿಂತಾಮಣಿ ತಾಲ್ಲೂಕಿನ ಶಾಸನಗಳೇನೋ ಇವೆ. ಅಲ್ಲಿಂದ ತೆಗೆದುದಕ್ಕೆ ಪುಟಸಂಖ್ಯೆಯನ್ನು ಕೊಡಬಹುದು. ತೂಬನ್ನು ಎಂದು ಎತ್ತಬೇಕು, ನೀರು ಸಾಲದ ವರ್ಷ ಯಾವ ಗದ್ದೆಗೆ ಮೊದಲು ಹಾಯಿಸಬೇಕು ಎಂಬುದನ್ನು ಬಲ್ಲವರಾದರೋ ಅಕ್ಷರವರಿಯದ ನೀರುಗಂಟಿಗಳು. ಅವರ ವಿದ್ಯೆಗೆ ಪುಟವಿಲ್ಲ. ‘ಗ್ರಾಮಸ್ಥರು ಹೀಗೆನ್ನುವರು’ ಎಂದು ಬರೆದು ಮುಗಿಸಿದರೆ ಅವರೂ ‘ಕೇಚಿತ್’ಗಳಾಗಿಬಿಡುವರು.

ಇದಕ್ಕೂ ಈ ಹೊಸ ಶಾಸ್ತ್ರದಲ್ಲಿ ದಾರಿಯುಂಟು. ಹೇಳಿದವರ ಹೆಸರು, ಊರು, ದಿನಾಂಕಗಳನ್ನು ಗುರುತುಮಾಡಿಕೊಂಡು, ಅವರ ಒಪ್ಪಿಗೆಯನ್ನು ಪಡೆದು, ಗ್ರಂಥಕರ್ತರನ್ನು ಉಲ್ಲೇಖಿಸುವಂತೆಯೇ ಅವರನ್ನೂ ಉಲ್ಲೇಖಿಸಬಹುದು. ಕೊಳವೆಬಾವಿಗಳು ಬಂದಮೇಲೆ ತೂಬಿನ ಕೆಲಸವು ಕುಗ್ಗಿದೆ. ನಾನು ಕೇಳಿ ಬರೆದುಕೊಳ್ಳುತ್ತಿರುವ ಹಿರಿಯರಿಗೆ 80 ವರ್ಷ ದಾಟಿದೆ, ಅವರಿಗೆ ಶಿಷ್ಯರಿಲ್ಲ. ಪ್ರಬಂಧದಲ್ಲಿ ತಮ್ಮ ಹೆಸರು ಬರಲೆಂದು ಅವರು ಒಪ್ಪಿದ್ದಾರೆ. ಪತ್ರಿಕೆಯ ವಿಷಯವನ್ನು ಕೇಳಿಲ್ಲವಾದುದರಿಂದ ಇಲ್ಲಿ ಬರೆದಿಲ್ಲ.

ಪ್ರಮಾಣಪತ್ರದ ಅಪೇಕ್ಷೆ ಎಲ್ಲರಿಗೂ ಇರಬೇಕಾದುದಿಲ್ಲ. ಆದರೆ ವಾಚಕರು ತಂತಮ್ಮ ಮನೆಯ ಹಿರಿಯರಿಂದ ಕೇಳಿದುದನ್ನು, ಹೇಳಿದವರ ಹೆಸರು ಮತ್ತು ದಿನದೊಡನೆ, ಒಂದು ಪುಸ್ತಕದಲ್ಲಿ ಬರೆದಿಡುವುದಾದರೆ, ಮುಂದೆ ಈ ಸೀಮೆಯ ಚರಿತ್ರೆಯನ್ನು ಬರೆಯುವವರಿಗೆ ಅದೇ ಮೂಲವಾದೀತು.