ತಲೆಕಟ್ಟಿಲ್ಲದ ಅಕ್ಷರ

ಪುಣೆಗೆ ಬಂದ ಹೊಸತರಲ್ಲಿ ನಮ್ಮ ಬಿಡಾರ ಗುರುವಾರ ಪೇಠೆಯ ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿತ್ತು. ಎರಡು ಕೋಣೆ, ನಡೆದರೆ ಕಿರುಗುಟ್ಟುವ ಮರದ ಮೆಟ್ಟಿಲು, ಕೆಳಗೆ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ಕಿಟಕಿ ತೆರೆದರೆ ಹೆಂಚಿನ ಮಾಡುಗಳ ಆಚೆ ಪಾಂಚ್ ಹೌದ್ ಚರ್ಚಿನ ಗಂಟೆಗೋಪುರ ಕಾಣುತ್ತಿತ್ತು. ಹೆಸರು ಕೇಳಿದೊಡನೆ ಊರು ನೆನಪಾಯಿತು. ಧಾರವಾಡದ ನಮ್ಮ ಮನೆಯಲ್ಲೂ ನೀರಿನ ತೊಟ್ಟಿಗೆ ಹೌದ ಎಂದೇ ಅನ್ನುತ್ತಿದ್ದರು. ಹಿಂದೆ ಅಲ್ಲಿದ್ದ ಐದು ಹೌದಗಳಿಂದ ಆ ಜಾಗಕ್ಕೆ ಈ ಹೆಸರು ಬಂತು. 1885ರಲ್ಲಿ ಪ್ರತಿಷ್ಠೆಯಾದ ಆ ಚರ್ಚಿಗೆ ಮರಾಠಿಯಲ್ಲಿ ‘ಪವಿತ್ರ ನಾಮ ದೇವಾಲಯ’ ಎನ್ನುತ್ತಾರೆ. ಗೋಪುರದಲ್ಲಿ ಒಂದಲ್ಲ, ಎಂಟು ಗಂಟೆಗಳಿವೆ, ಇಂಗ್ಲೆಂಡಿನಲ್ಲಿ ಎರಕ ಹೊಯ್ದು ತಂದವು.

ಕೆಳಗಿನ ಕೋಣೆಯಲ್ಲಿ ಒಬ್ಬ ಮಾವಶಿ (ಚಿಕ್ಕಮ್ಮ) ಇದ್ದರು. ಆ ಚರ್ಚಿಗೇ ಸೇರಿದವರು, ಮಡಿ ಸೀರೆ, ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಹಸಿರು ಬಳೆ. ಒಂದು ಸಂಜೆ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎಡಕ್ಕೆ ಆರಿಸಿದ್ದು, ಬಲಕ್ಕೆ ಒಂದು ಹಿಡಿಯಷ್ಟು ಆರಿಸಬೇಕಾದದ್ದು. ಒಳಗೆ ಗೋಡೆ ಗಡಿಯಾರ ಆರು ಬಾರಿಸಿತು. ಮಾವಶಿ ಬೆರಳನ್ನು ಹಾಗೆಯೇ ಎತ್ತಿ, ಮೊರದ ಮೇಲೊಂದು ಬಿಳಿ ಅರಿವೆ ಹೊದಿಸಿ, ಎದ್ದು ಒಳಗೆ ಪ್ರಾರ್ಥನೆಗೆ ಹೋದರು. ಹೊರಗೆ ಬಂದಾಗ ನಾನು ಕೇಳಿದೆ: “ಮಾವಶಿ, ಒಂದು ಹಿಡಿ ಉಳಿದಿತ್ತಲ್ಲ, ಮುಗಿಸಿಬಿಟ್ಟು ಹೋಗಬಾರದಿತ್ತೇನು?”

“ಅದು ಮುಗದ್ರ ಇನ್ನೊಂದು ಬರ್ತದ, ಬಾಳ. ಅಕ್ಕಿ ಓಡಿ ಹೋಗೂದಿಲ್ಲ, ಹೊತ್ತು ಹೋಗ್ತದ.”

ಅವರು ಹೇಳಿದ್ದು ಮರಾಠಿಯಲ್ಲಿ. ನನ್ನ ಕಿವಿಗೆ ಬಿದ್ದದ್ದು ಧಾರವಾಡದ ಮಾತಾಗಿ.

ಆಗ ನಾನು ಮನೆಯಲ್ಲೇ ಕೂತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ, ಕರಡು ತಿದ್ದುತ್ತಿದ್ದೆ. ಈಗಲೂ ಅದೇ ಕೆಲಸ. ಮನೆಯಲ್ಲಿ ಮಾಡುವ ಕೆಲಸಕ್ಕೆ ಬೇಲಿ ಇರುವುದಿಲ್ಲ. ಒಲೆಯ ಮುಂದೆ ನಿಂತಾಗ ತಲೆಯಲ್ಲಿ ವಾಕ್ಯ, ಬರೆಯಲು ಕೂತಾಗ ಕಿವಿಯಲ್ಲಿ ಕುಕ್ಕರಿನ ಸೀಟಿ, ರಾತ್ರಿ ಹನ್ನೊಂದಕ್ಕೂ ‘ಇದೊಂದು ಪುಟ’. ಹಲವು ವರ್ಷ ಹೀಗೇ ನಡೆದು ಕೊನೆಗೆ ಮೈ ಕೈಕೊಟ್ಟಿತು. ಹಾಸಿಗೆ ಹಿಡಿದ ಆ ದಿನಗಳಲ್ಲಿ ಮಾವಶಿಯ ಮೊರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಆ ಅರಿವೆ ಎಲ್ಲಿಂದ ಬಂತೆಂದು ಹುಡುಕುತ್ತ ಕ್ರೈಸ್ತ ಸಂನ್ಯಾಸಿಗಳ ಹಳೆಯ ಪುಸ್ತಕಗಳಿಗೆ ಹೋದೆ.

ಸಿಕ್ಕಿತು. ಐದನೆಯ ಶತಮಾನದ ಮೊದಲಲ್ಲಿ ಜಾನ್ ಕ್ಯಾಸಿಯನ್ ಎಂಬ ಸಂನ್ಯಾಸಿ ಈಜಿಪ್ಟಿನ ಮರಳುಗಾಡಿನಲ್ಲಿ ತಾನು ಕಂಡ ಮಠಗಳ ರೀತಿನೀತಿಗಳನ್ನು ಬರೆದಿಟ್ಟ. ಅಲ್ಲೊಂದು ಮಾತು ಬರುತ್ತದೆ. ಗ್ರಂಥ ಪ್ರತಿ ಮಾಡುವವನು ಬಾಗಿಲು ತಟ್ಟಿದ ಸದ್ದು, ಎಂದರೆ ಪ್ರಾರ್ಥನೆಯ ಕರೆ, ಕೇಳಿದೊಡನೆ ಏಳಬೇಕು. ಬರೆಯುತ್ತಿದ್ದ ಅಕ್ಷರವನ್ನು ಕೂಡ ಪೂರ್ತಿ ಮಾಡಬಾರದು. ನಾನು ಅದನ್ನು ನಮ್ಮ ಲಿಪಿಯಲ್ಲಿ ಊಹಿಸಿಕೊಂಡೆ. ‘ಕ’ ಬರೆಯುತ್ತಿದ್ದೇನೆ, ಸುತ್ತು ಮುಗಿದಿದೆ, ತಲೆಕಟ್ಟು ಹಾಕಿಲ್ಲ, ಕರೆ ಬಂತು. ಲೇಖನಿ ಕೆಳಗಿಡಬೇಕು. ಒಂದು ತಲೆಕಟ್ಟಿಗೆ ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟು. ಆದರೆ ಆ ತಲೆಕಟ್ಟಿನ ಹಿಂದೆ ಒಂದು ಪದ ಕಾದಿರುತ್ತದೆ, ಪದದ ಹಿಂದೆ ವಾಕ್ಯ, ವಾಕ್ಯದ ಹಿಂದೆ ಪುಟ. ಮನುಷ್ಯನನ್ನು ನುಂಗುವುದು ಪುಟವಲ್ಲ, ಆ ಮೊದಲ ತಲೆಕಟ್ಟು. ಈ ಸೂಕ್ಷ್ಮವನ್ನು ಹದಿನಾರು ಶತಮಾನಗಳ ಹಿಂದೆಯೇ ಕಂಡುಕೊಂಡವರ ಮೇಲೆ ನನಗೆ ದೊಡ್ಡ ಗೌರವ.

ಕ್ಯಾಸಿಯನ್ ಆದ ಮೇಲೆ ನೂರು ವರ್ಷಕ್ಕೆ ಇಟಲಿಯಲ್ಲಿ ಬೆನೆಡಿಕ್ಟ್ ಬಂದ. ಮಾಂಟೆ ಕ್ಯಾಸಿನೋ ಬೆಟ್ಟದ ಮೇಲೆ ಮಠ ಕಟ್ಟಿ, ತನ್ನವರಿಗಾಗಿ 73 ಅಧ್ಯಾಯಗಳ ಪುಟ್ಟ ನಿಯಮಗ್ರಂಥ ಬರೆದ. ಬೆಂಗಳೂರಿನ ಹೊರಗೆ ಕೆಂಗೇರಿಯ ಆಚೆಗಿರುವ ಆಶೀರ್ವನಂ ಮಠದವರು ಬಾಳುವುದು ಇಂದಿಗೂ ಅದೇ ನಿಯಮದಂತೆ. ಉಪವಾಸ, ಮುಳ್ಳಿನ ಹಾಸಿಗೆ, ಮೈ ದಂಡಿಸುವ ಕಟ್ಟಳೆ ಇರಬಹುದೆಂದು ತೆರೆದೆ. ಇದ್ದದ್ದು ಊಟ, ನಿದ್ದೆ, ಪಾತ್ರೆ, ಟವೆಲು, ಬಾಗಿಲು ಕಾಯುವವ. ಊಟಕ್ಕೆ ಬೇಯಿಸಿದ ಎರಡು ಬಗೆ ಇರಲಿ, ಒಂದು ಸೇರದವನು ಇನ್ನೊಂದನ್ನು ಉಣ್ಣಲಿ ಎನ್ನುತ್ತಾನೆ. ಬೇಸಿಗೆಯಲ್ಲಿ ಮಧ್ಯಾಹ್ನ ಉಂಡ ಮೇಲೆ ಎಲ್ಲರೂ ಸದ್ದಿಲ್ಲದೆ ಮಲಗಲಿ, ಓದಬೇಕೆಂದವನು ಪಕ್ಕದವನ ನಿದ್ದೆ ಕೆಡದಂತೆ ಓದಿಕೊಳ್ಳಲಿ ಎನ್ನುತ್ತಾನೆ. ಇದನ್ನು ಓದಿದಾಗ ಪುಣೆಯ ಹಳೆಯ ಪೇಠೆಗಳ ಅಂಗಡಿಗಳು ನೆನಪಾದವು. ಒಂದರಿಂದ ನಾಲ್ಕರವರೆಗೆ ಬಾಗಿಲು ಮುಚ್ಚುವ ಅವುಗಳ ಪದ್ಧತಿಯನ್ನು ಹೊರಗಿನವರು ನಗುತ್ತ ಹೇಳುತ್ತಾರೆ. ನಾನು ನಗುವುದಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೂ ಊಟಕ್ಕೆ ಏಳಬಲ್ಲ ವ್ಯಾಪಾರಿ ತನ್ನ ಬಾಳಿನ ಯಜಮಾನಿಕೆಯನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಆ ನಿಯಮದಲ್ಲಿ ನನ್ನ ಮನೆಯನ್ನು ಬದಲಿಸಿದ್ದು 35ನೆಯ ಅಧ್ಯಾಯ. ಅಡುಗೆಮನೆಯ ಸೇವೆ ವಾರಕ್ಕೊಬ್ಬರಂತೆ ಎಲ್ಲರಿಗೂ. ಕಾಯಿಲೆಯವರನ್ನೋ ಇನ್ನಾವುದೋ ಮುಖ್ಯ ಹೊಣೆ ಹೊತ್ತವರನ್ನೋ ಬಿಟ್ಟರೆ ಯಾರಿಗೂ ರಿಯಾಯಿತಿಯಿಲ್ಲ. ಶನಿವಾರ ಸರದಿ ಮುಗಿಸುವವನು ಎಲ್ಲವನ್ನೂ ತೊಳೆದು, ಟವೆಲು ಒಗೆದು, ಪಾತ್ರೆಗಳನ್ನು ಶುಚಿಯಾಗಿ ಒಂದೂ ಮುಕ್ಕಾಗದಂತೆ ಒಪ್ಪಿಸಬೇಕು. ಉಗ್ರಾಣದವನಿಗೆ ಇನ್ನೊಂದು ಕಡೆ ಹೇಳುತ್ತಾನೆ: ಮಠದ ಪಾತ್ರೆಪಡಗವನ್ನು ಪೂಜೆಯ ಪಾತ್ರೆಗಳಂತೆ ನೋಡು. ಬಸವಣ್ಣನವರ ಕಾಯಕದ ಮಾತು ಕೇಳುತ್ತ ಬೆಳೆದ ನಮಗೆ ಇದು ಪರಕೀಯವಲ್ಲ. ಆದರೆ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನೆಗಳಲ್ಲೂ ಮುಸುರೆ ಪಾತ್ರೆ ಒಬ್ಬಳದೇ ಆಗಿರುತ್ತದೆ. ಹೆಂಗಸಿನ ದಿನಕ್ಕೆ ಗಂಟೆ ಬಾರಿಸುವವರೇ ಇಲ್ಲ. ಸಮತೋಲದ ಬದುಕಿನ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಬರೆದರೆ ನಾನು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಈಗ ವಾರದ ಸರದಿ ಇದೆ, ನನ್ನದು, ಯಜಮಾನರದು, ಮಗನದು. ಶನಿವಾರ ರಾತ್ರಿ ಕಟ್ಟೆಯ ಮೇಲೆ ಲಟ್ಟಣಿಗೆ, ಇಕ್ಕಳ, ಸಾಣಿಗೆ, ಒಗ್ಗರಣೆ ಸೌಟು ಒರೆಸಿ ಸಾಲಾಗಿ ಇಡುತ್ತಾರೆ, ಮುಂದಿನ ವಾರದವರು ನೋಡಿ ತೆಗೆದುಕೊಳ್ಳುತ್ತಾರೆ. ಮೊದಲ ಸಲ ಮಗ ಒಗ್ಗರಣೆ ಸೌಟಿನ ತಳದ ಕಪ್ಪನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿಟ್ಟಿದ್ದ. ಅದರಲ್ಲಿ ದೀಪದ ಬೆಳಕು ಕಾಣುತ್ತಿತ್ತು. ಇಷ್ಟು ವರ್ಷ ಆ ಸೌಟನ್ನು ನಾನೇ ಹಾಗೆ ನೋಡಿರಲಿಲ್ಲ.

ಮರಳುಗಾಡಿನ ಹಿರಿಯರದೊಂದು ಕಥೆ. ಸಿನಾಯ್ ಬೆಟ್ಟದಲ್ಲಿದ್ದ ಸಿಲ್ವಾನಸನ ಬಳಿ ಒಬ್ಬ ಅತಿಥಿ ಬಂದ. ಅಲ್ಲಿಯವರು ದುಡಿಯುವುದನ್ನು ನೋಡಿ, ಹೊಟ್ಟೆಗಾಗಿ ಯಾಕೆ ಇಷ್ಟು ಪಾಡು ಎಂದ. ಸಿಲ್ವಾನಸ್ ಅವನಿಗೊಂದು ಪುಸ್ತಕ ಕೊಟ್ಟು ಕೋಣೆಯಲ್ಲಿ ಕೂರಿಸಿದ. ಹೊತ್ತು ಇಳಿಯಿತು, ಊಟಕ್ಕೆ ಯಾರೂ ಕರೆಯಲಿಲ್ಲ. ಅವನೇ ಎದ್ದು ಬಂದು ಕೇಳಿದ. ನೀವು ಆತ್ಮದ ದಾರಿಯವರು, ನಿಮಗೆ ಊಟ ಬೇಕಿಲ್ಲವೆಂದು ತಿಳಿದೆವು ಎಂದ ಹಿರಿಯ. ಇದನ್ನು ಓದುವಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಸಿಲ್ವಾನಸ್ ದುಡಿಮೆ ಬಿಟ್ಟವನನ್ನು ತಿದ್ದಿದ, ಲಕ್ಕಮ್ಮ ಹೆಚ್ಚಿಗೆ ತಂದವನನ್ನು ತಿದ್ದಿದಳು. ನಮ್ಮ ಕಾಲಕ್ಕೆ ಲಕ್ಕಮ್ಮನೇ ಹೆಚ್ಚು ಬೇಕು.

ಪುಣೆಯಲ್ಲಿ ಕ್ರೈಸ್ತ ಮಠಗಳ ಇಂಥ ಬಾಳನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳಲು ನೋಡಿದವರು ಹಲವರು. 1922ರಲ್ಲಿ ಅಹಮದ್‌ನಗರದಲ್ಲಿ ಜ್ಯಾಕ್ ವಿನ್ಸ್ಲೋ ಎಂಬ ಇಂಗ್ಲಿಷ್ ಪಾದ್ರಿ ಕ್ರಿಸ್ತ ಸೇವಾ ಸಂಘ ಕಟ್ಟಿದರು. ಖಾದಿ, ಸಸ್ಯಾಹಾರ, ನೆಲದ ಮೇಲೆ ಪಂಕ್ತಿ. ಕೆಲವೇ ವರ್ಷಗಳಲ್ಲಿ ಸಂಘ ಪುಣೆಯ ಶಿವಾಜಿನಗರಕ್ಕೆ ಬಂತು. ಮುಂದೆ ಗೊಂಡರ ನಡುವೆ ಬಾಳಿದ ವೆರಿಯರ್ ಎಲ್ವಿನ್ 1927ರಲ್ಲಿ ಭಾರತಕ್ಕೆ ಬಂದದ್ದು ಈ ಸಂಘದವನಾಗಿ. ಎಪ್ಪತ್ತರ ದಶಕದಲ್ಲಿ ಬೇರೆ ಬೇರೆ ಪಂಥದ ಸಂನ್ಯಾಸಿನಿಯರು ಸೇರಿ ಆ ಜಾಗಕ್ಕೆ ಮತ್ತೆ ಜೀವ ಕೊಟ್ಟರು, ಹೆಸರು ಕ್ರಿಸ್ತ ಪ್ರೇಮ ಸೇವಾ ಆಶ್ರಮ. ಅವರಲ್ಲಿ ಸಾರಾ ಗ್ರಾಂಟ್ ಶಂಕರಾಚಾರ್ಯರ ವೇದಾಂತವನ್ನು ಆಳವಾಗಿ ಓದಿದವರು.

ಆದರೆ ನನಗೆ ಹತ್ತಿರವಾದವರು ಇನ್ನೊಬ್ಬರು. 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆಯರು ಹುಟ್ಟುವಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ. ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ ಸಂನ್ಯಾಸಿನಿಯರ ಆಶ್ರಯದಲ್ಲಿದ್ದು 1883ರಲ್ಲಿ ದೀಕ್ಷಾಸ್ನಾನ ಪಡೆದರು. ಆ ಸಂನ್ಯಾಸಿನಿಯರ ಶಿಸ್ತನ್ನು ಮೆಚ್ಚಿದರು, ಆದರೆ ಹೇಳಿದ್ದಕ್ಕೆಲ್ಲ ತಲೆಬಾಗಲಿಲ್ಲ. ಸಸ್ಯಾಹಾರ ಬಿಡಲಿಲ್ಲ, ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇರಲಿ ಎಂದು ವಾದಿಸಿದರು. ಮುಂದೆ ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಬರಗಾಲದ ಹೆಣ್ಣುಮಕ್ಕಳಿಗಾಗಿ ಮುಕ್ತಿ ಮಿಷನ್ ಕಟ್ಟಿದಾಗ ಪ್ರಾರ್ಥನೆಯೊಂದಿಗೆ ಮಗ್ಗ, ಹೊಲ, ಅಚ್ಚುಕೂಟ ಎಲ್ಲವೂ ಬಂದವು. ಇಡೀ ಬೈಬಲನ್ನು ಮೂಲದಿಂದ ಮರಾಠಿಗೆ ತಂದು, ಆ ಹೆಣ್ಣುಮಕ್ಕಳ ಕೈಯಿಂದಲೇ ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಿಸಿದರು. ಒಬ್ಬರ ನಿಯಮವನ್ನು ಇನ್ನೊಬ್ಬರು ತೆಗೆದುಕೊಳ್ಳುವುದಾದರೆ ಹೀಗೆ, ತನ್ನ ಅಡುಗೆಯನ್ನು, ತನ್ನ ಭಾಷೆಯನ್ನು ಬಿಟ್ಟುಕೊಡದೆ.

ಸಂಸಾರಸ್ಥರಿಗೆ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿದ್ದಾರೆ. ಮಗುವಿಗೆ ಜ್ವರ, ಹಿಂಜವಡಿಯ ಆಫೀಸಿನಿಂದ ಬರುವ ರಸ್ತೆಯಲ್ಲಿ ಎರಡು ತಾಸು, ತಿಂಗಳ ಕಂತು. ನಿಜ. ಆದರೆ ಬೆನೆಡಿಕ್ಟನೇ ಬರೆದಿದ್ದಾನೆ: ಎಲ್ಲಕ್ಕಿಂತ ಮೊದಲು ಕಾಯಿಲೆಯವರ ಆರೈಕೆ, ಮುದುಕರಿಗೂ ಮಕ್ಕಳಿಗೂ ನಿಯಮದ ಬಿಗಿ ಬೇಡ. ಅಳತೆ ಹಾಕುವಾಗ ಮನುಷ್ಯನನ್ನು ಮರೆಯದ ಅಳತೆ ಅದು.

ನಾಲ್ಕನೆಯ ಶತಮಾನದ ಇವಾಗ್ರಿಯಸ್ ಮಧ್ಯಾಹ್ನದ ಪಿಶಾಚಿಯೊಂದರ ಬಗ್ಗೆ ಬರೆದಿದ್ದಾನೆ. ಅದು ಹಿಡಿದ ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಸೂರ್ಯ ಎಷ್ಟು ಇಳಿದಿದ್ದಾನೆಂದು ಅಳೆಯುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಅತ್ತ ಇತ್ತ ಕಣ್ಣಾಡಿಸುತ್ತಾನೆ. ನಾನು ಫೋನನ್ನು ಎತ್ತಿ ನೋಡಿ ಇಟ್ಟು ಮತ್ತೆ ಎತ್ತುವುದು ಅದೇ ಹೊತ್ತಿನಲ್ಲಿ, ಹತ್ತರಿಂದ ಎರಡರೊಳಗೆ. ಅವನು ಹೇಳಿದ ಒಂದು ಮದ್ದು: ಜಾಗ ಬಿಟ್ಟು ಏಳಬೇಡ. ಫೋನನ್ನು ಈಗ ಅಡುಗೆಮನೆಯ ಕಪಾಟಿನಲ್ಲಿಟ್ಟು ಬರೆಯಲು ಕೂರುತ್ತೇನೆ.

ಸಂಜೆ ಆರಕ್ಕೆ ಲೇಖನಿ ಮುಚ್ಚುತ್ತೇನೆ, ವಾಕ್ಯ ಎಲ್ಲಿದ್ದರೂ ಸರಿ. ಮರುದಿನ ಬೆಳಿಗ್ಗೆ ಅರ್ಧ ಪದ ಕಾದಿರುತ್ತದೆ, ಅಲ್ಲಿಂದ ಹಿಡಿಯುವುದು ಹೊಸ ಪುಟ ತೆರೆಯುವುದಕ್ಕಿಂತ ಸುಲಭ. ಮಾವಶಿ ತೀರಿಕೊಂಡು ಬಹಳ ವರ್ಷವಾಯಿತು, ವಾಡೆಯನ್ನೂ ಕೆಡವಿದರು. ಗೋಪುರ ಇದೆ. ಪುಣೆಗೆ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಗುರುವಾರ ಪೇಠೆಯ ಕಡೆ ಬನ್ನಿ. ರಿಕ್ಷಾದವರಿಗೆ ಪಾಂಚ್ ಹೌದ್ ಎಂದರೆ ಸಾಕು.